ಬಿಚ್ಚಿಟ್ಟ ಮಷಿನ್ ಕರೆಂಟ್ ಎಳೀತಿತ್ತು

"ಮೇಡಂ, ಹತ್ತನೇ ಮಷಿನ್ ಮೋಟರ್ ಬಿಚ್ಚಿ ನೆಲದ ಮೇಲೆ ಇಟ್ಟಿದೀವಿ. ನಿಮ್ಮ ಸ್ಕ್ರೀನ್ ನೋಡಿದ್ರೆ ಅದು ಹದಿನೆಂಟು ಕಿಲೋವ್ಯಾಟ್ ತಗೊಳ್ತಾ ಇದೆ. ನಾನು ಯಾವುದನ್ನ ನಂಬ್ಲಿ?"

ತುಮಕೂರಿನ ಹತ್ತಿರದ ಒಂದು ಕಾರ್ಖಾನೆಯಿಂದ ಅಲ್ಲಿನ ಎಲೆಕ್ಟ್ರಿಷಿಯನ್ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಮೀಟರ್ ಕೆಟ್ಟಿರಬೇಕು ಅಂದೆ. ನಮ್ಮ ಕೋಡ್ ಕೆಟ್ಟಿರಬಹುದು ಅಂತ ಮೊದಲೇ ಹೇಳುವ ಪ್ರೋಗ್ರಾಮರ್‌ನ ನಾನಿನ್ನೂ ನೋಡಿಲ್ಲ.

ನಮ್ಮದು ಗೇಟ್‌ವೇ ಡಬ್ಬಿ, ಅಂದರೆ ಮೀಟರ್‌ಗಳಿಗೂ ನಮ್ಮ ಸರ್ವರಿಗೂ ನಡುವೆ ಕೂರುವ ಚಿಕ್ಕ ಕಂಪ್ಯೂಟರ್. ಒಳಗೆ ಲಿನಕ್ಸ್, ಅದರ ಮೇಲೆ ಸಿ ಭಾಷೆಯಲ್ಲಿ ನಾವೇ ಬರೆದ ಪ್ರೋಗ್ರಾಂ. ಕಾರ್ಖಾನೆಯ 24 ಮಷಿನ್‌ಗಳಿಗೆ 24 ವಿದ್ಯುತ್ ಮೀಟರ್. ಡಬ್ಬಿ 10 ಸೆಕೆಂಡಿಗೊಮ್ಮೆ ಒಂದೊಂದು ಮೀಟರಿಗೂ ನೆಟ್‌ವರ್ಕ್‌ನಲ್ಲಿ ಒಂದು ಯುಡಿಪಿ ಪ್ಯಾಕೆಟ್ (ಪುಟ್ಟ ಸಂದೇಶ) ಕಳಿಸಿ "ಎಷ್ಟಾಯಿತು?" ಅಂತ ಕೇಳುತ್ತೆ, ಬಂದ ಉತ್ತರವನ್ನು ಸರ್ವರಿಗೆ ಕಳಿಸುತ್ತೆ. ಉತ್ತರದ ಒಳಗೆ ಮೀಟರಿನ ಸಂಖ್ಯೆ ಇರುವುದಿಲ್ಲ. ಯಾವ ವಿಳಾಸಕ್ಕೆ ಕೇಳಿದೆವೋ ಆ ಮೀಟರಿನದೇ ಉತ್ತರ ಅಂತ ಲೆಕ್ಕ.

ಆ ಕಾರ್ಖಾನೆಯಿಂದ ಎರಡು ವಾರದ ಹಿಂದೆಯೇ ಇನ್ನೊಂದು ದೂರು ಬಂದು ಕೂತಿತ್ತು. 8, 9, 18, 19ನೇ ಮೀಟರ್‌ಗಳು ಬರುತ್ತಲೇ ಇಲ್ಲ, ಲಾಗ್‌ನಲ್ಲಿ "ಪರ್ಮಿಷನ್ ಡಿನೈಡ್" ಅಂತಿದೆ. ಪರ್ಮಿಷನ್ ಅಂದಮೇಲೆ ಫೈರ್‌ವಾಲ್ ತಂಟೆ ಅಂತ ಅದನ್ನು ನೆಟ್‌ವರ್ಕ್‌ನವರ ಕಡೆ ತಳ್ಳಿದ್ದೆವು. ಅವರು ಸ್ವಿಚ್ ಬದಲಾಯಿಸಿ, ಕೇಬಲ್ ಬದಲಾಯಿಸಿ, ಸುಸ್ತಾಗಿ ಸುಮ್ಮನಾಗಿದ್ದರು.

ಊಟ ಬದಿಗಿಟ್ಟು ಗೇಟ್‌ವೇಗೆ ಲಾಗಿನ್ ಆದೆ. ಕಾನ್ಫಿಗ್ ಫೈಲಿನಲ್ಲಿ ಹತ್ತನೇ ಮೀಟರಿನ ವಿಳಾಸ 192.168.100.010 ಅಂತಿತ್ತು. ಅದನ್ನೇ ಕಾಪಿ ಮಾಡಿ ಪಿಂಗ್ ಮಾಡಿದೆ, ಅಂದರೆ "ಇದ್ದೀಯಾ?" ಅಂತ ಆ ವಿಳಾಸವನ್ನು ಕೂಗಿದೆ. ಉತ್ತರ ಬಂತು. "ಮೀಟರ್ ಮಾತಾಡ್ತಾ ಇದೆಯಲ್ಲ, ಒಂದ್ಸಲ ಅದರ ನೆಟ್‌ವರ್ಕ್ ವೈರ್ ಕೀಳಿ" ಅಂದೆ. ಕಿತ್ತರು. ಪಿಂಗ್ ನಿಲ್ಲಲಿಲ್ಲ. "ಕಿತ್ತಿದೀರಾ?" "ಕೈಯಲ್ಲೇ ಹಿಡ್ಕೊಂಡಿದೀನಿ ಮೇಡಂ." ಅಲ್ಲಿ ವೈರ್ ಅವರ ಕೈಯಲ್ಲಿ, ಇಲ್ಲಿ ಸಾಲಿನ ಮೇಲೆ ಸಾಲು ಉತ್ತರ.

ಆಮೇಲೆ ಪಿಂಗ್ ತೋರಿಸಿದ ಮೊದಲ ಸಾಲನ್ನು ಓದಿದೆ. ನಾನು ಕೊಟ್ಟ ವಿಳಾಸದ ಪಕ್ಕದಲ್ಲೇ ಕಂಸದೊಳಗೆ 192.168.100.8 ಅಂತ ಬರೆದಿತ್ತು. ಇಷ್ಟು ವರ್ಷ ಪಿಂಗ್ ಮಾಡಿದ್ದೇನೆ, ಆ ಕಂಸದೊಳಗೆ ಏನಿದೆ ಅಂತ ಯಾವತ್ತೂ ನೋಡಿರಲಿಲ್ಲ.

ಸಿ ಭಾಷೆಯಲ್ಲಿ ಸಂಖ್ಯೆಯ ಮುಂದೆ ಸೊನ್ನೆ ಹಾಕಿದರೆ ಅದು ಆಕ್ಟಲ್, ಅಂದರೆ ಎಂಟರ ಲೆಕ್ಕ. 010 ಅಂದರೆ ಎಂಟು. ವಿಳಾಸ ಓದುವ ಹಳೆಯ ಫಂಕ್ಷನ್‌ಗಳಾದ ಐನೆಟ್_ಆಡರ್, ಐನೆಟ್_ಏಟಾನ್ ಇದೇ ರೂಢಿಯವು. ಐನೆಟ್_ಆಡರ್ 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಕಾಲದಿಂದ ಬಂದದ್ದು, ಆಗಿನ ಧಾರಾಳ ಇನ್ನೂ ಹೋಗಿಲ್ಲ. ಹೆಕ್ಸ್, ಅಂದರೆ ಹದಿನಾರರ ಲೆಕ್ಕ ಕೊಟ್ಟರೂ ಸರಿ, ನಾಲ್ಕರ ಬದಲು ಎರಡೇ ಭಾಗ ಕೊಟ್ಟರೂ ಸರಿ. ಲಿನಕ್ಸ್‌ನಲ್ಲಿ 127.1 ಅಂತ ಪಿಂಗ್ ಮಾಡಿ ನೋಡಿ, 127.0.0.1ಕ್ಕೆ, ಅಂದರೆ ಅದೇ ಕಂಪ್ಯೂಟರಿಗೆ, ಹೋಗುತ್ತೆ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯ ಐನೆಟ್_ಏಟಾನ್ ಅಂತೂ ವಿಳಾಸ ಆದಮೇಲೆ ಒಂದು ಸ್ಪೇಸ್ ಬಿಟ್ಟು ಏನು ಗೀಚಿದ್ದರೂ ಒಪ್ಪಿಕೊಳ್ಳುತ್ತೆ.

ಕಾಗದ ತೆಗೆದುಕೊಂಡು 24 ವಿಳಾಸಗಳನ್ನೂ ಬರೆದೆ. 001ರಿಂದ 007ರವರೆಗೆ ಎರಡು ಲೆಕ್ಕದಲ್ಲೂ ಒಂದೇ, ಅವು ಸರಿ. 008, 009, 018, 019 ಆಕ್ಟಲ್ ಸಂಖ್ಯೆಗಳೇ ಅಲ್ಲ, ಏಕೆಂದರೆ ಆ ಲೆಕ್ಕದಲ್ಲಿ 8 ಮತ್ತು 9 ಎಂಬ ಅಂಕಿಗಳಿಲ್ಲ. 010ರಿಂದ 017 ಹೋಗಿ 8ರಿಂದ 15 ಆಗುತ್ತವೆ. 020ರಿಂದ 024 ಹೋಗಿ 16ರಿಂದ 20 ಆಗುತ್ತವೆ. ಅಂದರೆ ಏಳು ಮೀಟರ್ ಸರಿ, ನಾಲ್ಕು ಇಲ್ಲವೇ ಇಲ್ಲ, ಉಳಿದ ಹದಿಮೂರು ಇನ್ನೊಬ್ಬರ ಲೆಕ್ಕವನ್ನು ತಮ್ಮ ಹೆಸರಿನಲ್ಲಿ ಒಪ್ಪಿಸುತ್ತಿದ್ದವು. ಆಫೀಸಿನ ಟೇಬಲ್ ಮೇಲೆ ನಾವು ಪರೀಕ್ಷೆ ಮಾಡಿದ್ದು ಐದು ಮೀಟರ್ ಇಟ್ಟುಕೊಂಡು, ಅದೂ ಒಂದರಿಂದ ಐದು.

ಆ ನಾಲ್ಕರ "ಪರ್ಮಿಷನ್" ದೂರಿನ ಗುಟ್ಟೂ ಅಲ್ಲೇ ಸಿಕ್ಕಿತು. ಐನೆಟ್_ಆಡರ್ ವಿಳಾಸ ತಪ್ಪಿದ್ದರೆ ಮೈನಸ್ ಒಂದು ಕೊಡುತ್ತೆ. 32 ಬಿಟ್‌ನಲ್ಲಿ ಮೈನಸ್ ಒಂದು ಅಂದರೆ 255.255.255.255, ಅದೂ ಒಂದು ಅಸಲಿ ವಿಳಾಸವೇ, ಬ್ರಾಡ್‌ಕಾಸ್ಟ್, ಅಂದರೆ ಆ ನೆಟ್‌ವರ್ಕ್‌ನ ಎಲ್ಲರಿಗೂ. ನಮ್ಮ ಕೋಡ್ ಏನೂ ನೋಡದೆ ಅಲ್ಲಿಗೇ ಪ್ಯಾಕೆಟ್ ಕಳಿಸುತ್ತಿತ್ತು. ಬ್ರಾಡ್‌ಕಾಸ್ಟ್ ಮಾಡಲು ಪ್ಯಾಕೆಟ್ ಕಳಿಸುವ ಸಾಕೆಟ್‌ಗೆ ಪ್ರೋಗ್ರಾಂ ಮೊದಲೇ ಅನುಮತಿ ಕೊಟ್ಟಿರಬೇಕು, ಕೊಟ್ಟಿರಲಿಲ್ಲ, ಲಿನಕ್ಸ್‌ನ ಕರ್ನಲ್ "ಪರ್ಮಿಷನ್ ಡಿನೈಡ್" ಅಂತಿತ್ತು. ಸ್ವಿಚ್ ಬದಲಾಯಿಸಿದವರಿಗೆ ಆಮೇಲೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಇಷ್ಟಕ್ಕೂ ವಿಳಾಸವನ್ನು ಯಾರೂ ಪರಿಶೀಲಿಸಿರಲಿಲ್ಲವೇ? ಒಂದು ಫಂಕ್ಷನ್ ಪರಿಶೀಲಿಸಿತ್ತು. ಅದನ್ನು ಬರೆದವಳು ನಾನೇ. ಅಕ್ಷರಗಳಿಂದ ಸಂಖ್ಯೆ ಓದುವ ಎಸ್‌ಸ್ಕ್ಯಾನ್‌ಎಫ್‌ನಲ್ಲಿ ನಾಲ್ಕು ಪರ್ಸೆಂಟ್ ಡಿ ("ಇಲ್ಲೊಂದು ಸಂಖ್ಯೆ ಓದು" ಎಂಬ ಗುರುತು), ನಡುವೆ ಚುಕ್ಕೆ, ನಾಲ್ಕೂ 0ರಿಂದ 255ರ ಒಳಗಿದ್ದರೆ ಪಾಸ್. ಪರ್ಸೆಂಟ್ ಡಿ ಯಾವಾಗಲೂ ಹತ್ತರ ಲೆಕ್ಕದಲ್ಲೇ ಓದುತ್ತೆ, ಅದಕ್ಕೆ 010 ಅಂದರೆ ಹತ್ತೇ. ನನ್ನ ಫಂಕ್ಷನ್ ಹತ್ತು ಅಂತ ಓದಿ "ಸರಿಯಿದೆ" ಅಂತ ಒಳಗೆ ಬಿಟ್ಟಿತು, ಮುಂದಿನ ಸಾಲಿನ ಫಂಕ್ಷನ್ ಅದೇ ಅಕ್ಷರಗಳನ್ನು ಎಂಟು ಅಂತ ಓದಿ ಪ್ಯಾಕೆಟ್ ಕಳಿಸಿತು. ಬಾಗಿಲಲ್ಲಿ ಚೀಟಿ ನೋಡುವವನು ಒಂದು ಓದುತ್ತಾನೆ, ಒಳಗೆ ಕೂರಿಸುವವನು ಇನ್ನೊಂದು ಓದುತ್ತಾನೆ. 2021ರಲ್ಲಿ ಪೈಥಾನ್‌ನ ಐಪಿಅಡ್ರೆಸ್ ಮಾಡ್ಯೂಲ್‌ನಲ್ಲೂ ಜಾವಾಸ್ಕ್ರಿಪ್ಟ್‌ನ ನೆಟ್‌ಮಾಸ್ಕ್ ಪ್ಯಾಕೇಜ್‌ನಲ್ಲೂ ಮುಂದಿನ ಸೊನ್ನೆಯ ಇದೇ ಗೊಂದಲ ಸಿಕ್ಕಿ, ಎರಡೂ ಭದ್ರತಾ ದೋಷಗಳ ಪಟ್ಟಿ ಸೇರಿದವು. 0177.0.0.1 ಅನ್ನು 177 ಅಂತ ಓದಿ ಹೊರಗಿನ ವಿಳಾಸ ಅಂತ ಬಿಟ್ಟರೆ, ಆಕ್ಟಲ್ ಓದುವ ಸಾಫ್ಟ್‌ವೇರ್‌ಗೆ ಅದು 127.0.0.1, ಮನೆಯೊಳಗಿನ ವಿಳಾಸ. ನಮ್ಮಲ್ಲಿ ಕಳ್ಳ ಯಾರೂ ಬರಲಿಲ್ಲ, ಎಕ್ಸೆಲ್ ಶೀಟ್ ಬಂತು.

ಲಾಗ್ ನೋಡಿದ್ದರೆ ಮೊದಲ ದಿನವೇ ಗೊತ್ತಾಗಬೇಕಿತ್ತು, ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಅಂತ ಪ್ರತಿ ಪ್ಯಾಕೆಟ್‌ಗೂ ಒಂದು ಸಾಲಿತ್ತು. ಆದರೆ ಪ್ರತಿ ಸಾಲೂ "192.168.100.250 ಇಂದ 192.168.100.250 ಗೆ" ಅಂತಲೇ ಇರುತ್ತಿತ್ತು. 250 ನಮ್ಮ ಗೇಟ್‌ವೇಯದೇ ವಿಳಾಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೇಳಿದ್ದೆ, "ಆ ಸಾಲು ಮೊದಲಿಂದ ಹಾಗೇ, ತಲೆ ಕೆಡಿಸ್ಕೋಬೇಡ" ಅಂದಿದ್ದರು. ನಾನೂ ಕೆಡಿಸಿಕೊಳ್ಳಲಿಲ್ಲ. ವಿಷಯ ಇಷ್ಟೇ: ವಿಳಾಸವನ್ನು ಅಕ್ಷರವಾಗಿ ಬರೆದುಕೊಡುವ ಐನೆಟ್_ಎನ್‌ಟುಎ ತನ್ನದೇ ಒಂದು ಸ್ಟ್ಯಾಟಿಕ್ ಬಫರ್‌ನಲ್ಲಿ, ಅಂದರೆ ಪ್ರತಿ ಸಲವೂ ಅದೇ ಜಾಗದಲ್ಲಿ, ಬರೆದು ಅದು ಎಲ್ಲಿದೆ ಅಂತ ತೋರಿಸುವ ಪಾಯಿಂಟರ್ ಕೊಡುತ್ತೆ. ಸಾಲು ಮುದ್ರಿಸುವ ಒಂದೇ ಪ್ರಿಂಟ್‌ಎಫ್‌ನಲ್ಲಿ ಅದನ್ನು ಎರಡು ಸಲ ಕರೆದರೆ ಮೊದಲು ಬರೆದದ್ದರ ಮೇಲೆ ಎರಡನೆಯದು ಬೀಳುತ್ತೆ, ಎರಡು ಜಾಗದಲ್ಲೂ ಅದೇ ಕಾಣುತ್ತೆ. ಯಾವುದನ್ನು ಕೊನೆಗೆ ಕರೆಯಬೇಕು ಅನ್ನೋದನ್ನ ಸಿ ಭಾಷೆ ಕಂಪೈಲರ್‌ನ ಇಷ್ಟಕ್ಕೆ ಬಿಟ್ಟಿದೆ. ಆ ಸಾಲು ಸರಿಯಿದ್ದಿದ್ದರೆ ಹತ್ತನೇ ಮೀಟರಿನ ಎದುರು 8 ಅಂತ ಕಣ್ಣಿಗೆ ಹೊಡೆಯುತ್ತಿತ್ತು.

ರಿಪೇರಿ ದೊಡ್ಡದೇನಲ್ಲ. ನನ್ನ ಎಸ್‌ಸ್ಕ್ಯಾನ್‌ಎಫ್ ಫಂಕ್ಷನ್ ಅಳಿಸಿದೆ. ಈಗ ಐನೆಟ್_ಪಿಟಾನ್ ಒಂದೇ, ಓದುವುದೂ ಅದೇ, ಪರಿಶೀಲಿಸುವುದೂ ಅದೇ. ನಮ್ಮ ಜಿಲಿಬ್‌ಸಿಯಲ್ಲಿ ಅದು 010 ಕಂಡರೆ ನೇರ ತಿರಸ್ಕರಿಸುತ್ತೆ. ಅದು 1 ಕೊಟ್ಟರೆ ಮಾತ್ರ ಸರಿ. ತಪ್ಪು ವಿಳಾಸಕ್ಕೆ 0, ಫ್ಯಾಮಿಲಿಯೇ (ಐಪಿವಿ4, ಐಪಿವಿ6 ಹೀಗೆ ವಿಳಾಸದ ಜಾತಿ) ಗೊತ್ತಿಲ್ಲದ್ದಾದರೆ ಮೈನಸ್ 1. ನಾನು ಆತುರದಲ್ಲಿ "ಸೊನ್ನೆ ಅಲ್ಲದಿದ್ದರೆ ಪಾಸ್" ಅಂತ ಬರೆದಿದ್ದೆ. ಮೈನಸ್ 1 ಕೂಡ ಸೊನ್ನೆ ಅಲ್ಲವಲ್ಲ. ರಿವ್ಯೂನಲ್ಲಿ ನನಗಿಂತ ಆರು ವರ್ಷ ಚಿಕ್ಕ ಹುಡುಗ ಹಿಡಿದ, "ಅಕ್ಕಾ, ಇದು ಮತ್ತೆ ಅದೇ ಮೈನಸ್ ಒಂದು" ಅಂತ ಕಾಮೆಂಟ್ ಹಾಕಿದ.

ಬರೆಯುವ ಕಡೆ ಐನೆಟ್_ಎನ್‌ಟಾಪ್. ಬಫರ್ ನಾವೇ ಕೊಡಬೇಕು, ಹಾಗಾಗಿ ಒಂದರ ಮೇಲೊಂದು ಬೀಳುವ ಮಾತಿಲ್ಲ. ಈಗಿನ ನಾಲ್ಕು ಭಾಗದ ಐಪಿವಿ4 ವಿಳಾಸಕ್ಕೆ 16 ಬೈಟ್ ಸಾಕು, ನಾನು 46 ಇಟ್ಟೆ, ನಾಳೆ ಇನ್ನೂ ಉದ್ದದ ಐಪಿವಿ6 ಬಂದರೂ ಹಿಡಿಯಲಿ ಅಂತ. ಐಪಿವಿ6 ಬಂದಾಗ ವಿಳಾಸಗಳನ್ನು ಅಕ್ಷರವಾಗಿ ಹೋಲಿಸುವ ಆಟವೂ ನಡೆಯಲ್ಲ. 0:0:0:0:0:0:0:1 ಮತ್ತು ::1 ಎರಡೂ ಒಂದೇ ವಿಳಾಸ. ಒಂದೇ ರೀತಿ ಬರೆಯಿರಿ ಅಂತ 2010ರಲ್ಲಿ ಆರ್‌ಎಫ್‌ಸಿ 5952 ಎಂಬ ಇಂಟರ್ನೆಟ್ ದಾಖಲೆ ಬಂದಿದೆ, ಆದರೆ ಎಲ್ಲರೂ ಅದರ ಪ್ರಕಾರವೇ ಟೈಪ್ ಮಾಡುತ್ತಾರೆ ಅಂತ ನಂಬಿ ಕೂರಲಾಗುತ್ತದೆಯೇ? ಓದಿದ ಕೂಡಲೇ ಬೈಟ್‌ಗಳಾಗಿ ಇಟ್ಟುಕೊಂಡು ಅವನ್ನೇ ಹೋಲಿಸುತ್ತೇವೆ.

ಜಗಳ ಆಗಿದ್ದು ಇನ್ನೊಂದು ಕಡೆ. ಆ ಸೊನ್ನೆಗಳು ಕಾರ್ಖಾನೆಯವರ ಎಕ್ಸೆಲ್ ಶೀಟಿನಿಂದ ಬಂದವು. ಸೊನ್ನೆ ಇಲ್ಲದಿದ್ದರೆ ಸಾರ್ಟ್ ಮಾಡಿದಾಗ 10 ಬಂದು 2ರ ಮುಂದೆ ಕೂರುತ್ತೆ, ಅವರ ಕಷ್ಟ ನ್ಯಾಯವಾದದ್ದೇ. "ಸೊನ್ನೆ ನೀವೇ ಕಿತ್ತು ಹಾಕಿ, ನಮಗ್ಯಾಕೆ ಎರರ್ ತೋರಿಸ್ತೀರಿ?" ಅಂದರು. ನಮ್ಮ ಮ್ಯಾನೇಜರ್ರೂ ಅವರ ಕಡೆಗೇ. ನಾನು ಒಪ್ಪಲಿಲ್ಲ. ಬರೆದವರು ಹತ್ತು ಅಂತಲೇ ಬರೆದರೋ, ಆಕ್ಟಲ್ ಕೊಡುವ ಯಾವುದೋ ಹಳೆಯ ಸಾಧನದಿಂದ ಕಾಪಿ ಮಾಡಿದರೋ ನಮಗೇನು ಗೊತ್ತು. ಕೊನೆಗೆ ಶೀಟ್ ಏರಿಸುವಾಗ ಸೊನ್ನೆ ಕಂಡರೆ ಆ ಸಾಲಿನ ಎದುರು "192.168.100.10 ಎಂದೇ?" ಅಂತ ಕೇಳುತ್ತೆ, ಹೌದು ಅಂದರೆ ಮುಂದೆ ಹೋಗುತ್ತೆ. ಉಳಿಸುವುದು ನಾಲ್ಕು ಬೈಟ್, ತೋರಿಸುವುದು ಆ ಬೈಟ್‌ಗಳಿಂದ ಮತ್ತೆ ಬರೆದದ್ದು. ಬಳಕೆದಾರರು ಟೈಪ್ ಮಾಡಿದ್ದನ್ನು ಹಾಗೇ ಸ್ಕ್ರೀನಿಗೆ ವಾಪಸ್ ಹಾಕುವುದನ್ನು ನಿಲ್ಲಿಸಿದ್ದೇವೆ.

ಹದಿನಾರು ದಿನದ ಲೆಕ್ಕ ಮರುಜೋಡಿಸಲು ಎರಡು ದಿನ ಹಿಡಿಯಿತು. ಹತ್ತರ ಹೆಸರಲ್ಲಿದ್ದದ್ದನ್ನು ಎಂಟಕ್ಕೆ, ಹನ್ನೊಂದರದ್ದನ್ನು ಒಂಬತ್ತಕ್ಕೆ, ಹೀಗೆ ಹದಿಮೂರನ್ನೂ ಅವುಗಳ ಮನೆಗೆ ಸೇರಿಸಿದೆ. 21ರಿಂದ 24ರವರೆಗಿನ ನಾಲ್ಕು ಮೀಟರ್‌ಗಳನ್ನು ಆ ಹದಿನಾರು ದಿನ ಯಾರೂ ಮಾತಾಡಿಸಿಯೇ ಇರಲಿಲ್ಲ, ಅವುಗಳ ಲೆಕ್ಕ ಹೋಯಿತು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ಹತ್ತನೇ ಮಷಿನ್ ಈಗ ಸೊನ್ನೆ ತೋರಿಸುತ್ತಿದೆ ಅಂದೆ. "ಅದು ನೆನ್ನೆ ಫಿಟ್ ಮಾಡಿ ಸ್ಟಾರ್ಟ್ ಮಾಡಿದ್ವಲ್ಲ ಮೇಡಂ" ಅಂದರು. ಒಂದು ಕ್ಷಣ ಬೆವರಿದೆ. ಆಮೇಲೆ ಅವರೇ ಹೋಗಿ ನೋಡಿ ಹೇಳಿದರು: ಅವತ್ತು ಕಿತ್ತ ನೆಟ್‌ವರ್ಕ್ ವೈರನ್ನು ಯಾರೂ ಮತ್ತೆ ಹಾಕಿರಲಿಲ್ಲ.

ಮೀಟರ್ ಉತ್ತರ ಕೊಡದಿದ್ದರೆ ನಮ್ಮ ಸ್ಕ್ರೀನ್ ಸೊನ್ನೆ ಅಂತ ತೋರಿಸುತ್ತೆ. ಅದಕ್ಕೊಂದು ಹೊಸ ಟಿಕೆಟ್ ತೆರೆದಿದ್ದೇನೆ.