ಕಡಿಯಾಕತ್ತೀನವ್ವ, ಮಜ್ಜಿಗಿ ಅಲ್ಲ

ಭಾನುವಾರ ಮುಂಜಾನೆ ಎಂಟಕ್ಕೆ ಸ್ಯಾನ್ ಆಂಟೋನಿಯೊದ ನಮ್ಮ ಮನೆ ಗ್ಯಾರೇಜಿನಿಂದ ಅವ್ವನಿಗೆ ಫೋನ್ ಹಚ್ಚುತ್ತೇನೆ. ಕುಕನೂರು ಸಮೀಪದ ನಮ್ಮ ಹಳ್ಳಿಯಲ್ಲಿ ಆಗ ದೀಪ ಹಚ್ಚಿ ಮುಗಿದ ಹೊತ್ತು.

"ಏನ್ ಮಾಡಾಕತ್ತೀಯೋ ಯಪ್ಪಾ?"

"ಕಡಿಯಾಕತ್ತೀನವ್ವ."

"ಅಯ್ಯ, ಅಲ್ಲಿ ಮಜ್ಜಿಗಿನೂ ನೀನ ಕಡೀಬೇಕೇನು?"

ನಮ್ಮ ಕಡೆ ಗಿಡ ಕಡಿಯೋದೂ ಅದೇ ಮಾತು, ಮಜ್ಜಿಗಿ ಕಡಿಯೋದೂ ಅದೇ ಮಾತು. ಲೇಥ್ ಮೇಲೆ ಕಟ್ಟಿಗೆ ತಿರುಗಿಸಿ ಉಳಿ ಹಿಡಿದು ಬೋಗುಣಿ ಮಾಡೋದಕ್ಕೆ ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಅವ್ವನಿಗೆ ಹೇಳಿದ್ದು: "ಇಟಗಿ ಗುಡಿಯಾಗ ಕಡದ ಕಂಬ ಅದಾವಲ್ಲ, ಹಂಗ. ಕಲ್ಲಿನ ಬದ್ಲಿ ಕಟಗಿ." ಆಗ ತಿಳಿಯಿತು ಆಕೆಗೆ. ನಮ್ಮೂರಿನ ಸುತ್ತಮುತ್ತ ಹುಟ್ಟಿದವರಿಗೆ 1112ರ ಆ ಮಹಾದೇವ ಗುಡಿಯ ಕಂಬ ತೋರಿಸಿದರೆ ಸಾಕು, ಲೇಥ್ ಅಂದರೇನು ಅಂತ ಬೇರೆ ವಿವರಿಸಬೇಕಿಲ್ಲ. ಬಳೆ ಪೇರಿಸಿದಂತೆ ಒಂದರ ಮೇಲೊಂದು ದುಂಡನೆಯ ಪಟ್ಟಿ. ಸಣ್ಣವನಿದ್ದಾಗ ಆ ಪಟ್ಟಿಗಳ ನಡುವೆ ಬೆರಳಿಟ್ಟು ಸುತ್ತು ಹಾಕುತ್ತಿದ್ದೆ.

ಇಲ್ಲಿಗೆ ಬಂದು ಒಂಬತ್ತು ವರ್ಷ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡಿದ ಕೆಲಸ ಸಂಜೆಗೆ ಕೈಗೆ ಸಿಗುವುದಿಲ್ಲ ಅನ್ನುವ ಬೇಸರಕ್ಕೆ ಹಳೆಯ ಲೇಥ್ ಒಂದನ್ನು ಕೊಂಡೆ. ಅಮೆರಿಕದಲ್ಲಿ ಈ ಹವ್ಯಾಸದವರು ಬಹಳ. 1986ರಲ್ಲಿ ಶುರುವಾದ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್‌ಗೆ ಎಷ್ಟೋ ಊರುಗಳಲ್ಲಿ ಶಾಖೆಗಳಿವೆ. ನಾನು ಹೋಗುವ ಕಡೆ ಹೆಚ್ಚಿನವರು ನಿವೃತ್ತರು. ಮೊದಲ ದಿನವೇ ಅಲ್ಲಿ ಒಬ್ಬ ಅಜ್ಜ ಒಂದು ದಿಮ್ಮಿ ಎತ್ತಿ, ಕೂಸು ಕೊಟ್ಟಂತೆ ನನ್ನ ಕೈಗಿಟ್ಟ. ಮೆಸ್ಕೀಟ್ ಅಂದ. ತಿರುಗಿಸಿ ನೋಡಿದೆ, ತೊಗಟೆ ಮೂಸಿ ನೋಡಿದೆ. ಪಕ್ಕದಲ್ಲಿ ಬಿದ್ದಿದ್ದ ಟೊಂಗೆಯ ಮುಳ್ಳು ಕಂಡಮೇಲೆ ನಗು ತಡೆಯಲಾಗಲಿಲ್ಲ. ನಮ್ಮ ಬಳ್ಳಾರಿ ಜಾಲಿಯ ದಾಯಾದಿ! ಎರಡೂ ಪ್ರೊಸೊಪಿಸ್ ಕುಲದವು. ನಮ್ಮದೂ ಅಮೆರಿಕ ಖಂಡದಿಂದಲೇ ಬ್ರಿಟಿಷರ ಕಾಲಕ್ಕೆ ಬಂದದ್ದು, ಬಳ್ಳಾರಿ ಹೆಸರು ಆಮೇಲೆ ಅಂಟಿದ್ದು. ಊರಲ್ಲಿ ಅದು ಹಳ್ಳ, ಕೆರೆ, ಬೀಳು ಹೊಲ ನುಂಗಿದ ಕಂಟಿ. ಒಲೆಗೆ ಉರುವಲು, ಇದ್ದಿಲು ಸುಡುವವರಿಗೆ ಕೂಳು, ಬೇಸಿಗೆಯಲ್ಲಿ ಕುರಿಗೆ ಕಾಯಿ. ಎಷ್ಟು ಸಲ ಅದರ ಮುಳ್ಳು ಹವಾಯಿ ಚಪ್ಪಲಿ ತೂರಿ ಅಂಗಾಲಿಗೆ ನೆಟ್ಟಿದೆಯೋ. ಇಲ್ಲಿ ಅದೇ ಕುಲದ ದಿಮ್ಮಿಗೆ ಜನ ರೊಕ್ಕ ಕೊಡುತ್ತಾರೆ.

ಕಾರಣವಿದೆ. ಬಹುತೇಕ ಕಟ್ಟಿಗೆ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆ ಕುಗ್ಗುವುದಕ್ಕಿಂತ ಉಂಗುರದ ಗುಂಟ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ದುಂಡಗೆ ಕಡೆದ ಹಸಿ ಬೋಗುಣಿ ತಿಂಗಳೊಪ್ಪತ್ತಿನಲ್ಲಿ ತತ್ತಿಯ ಆಕಾರಕ್ಕೆ ಬರುವುದು ಅದಕ್ಕೇ. ಮೆಸ್ಕೀಟ್ ಕುಗ್ಗುವುದೇ ಕಡಿಮೆ, ಎರಡು ದಿಕ್ಕಿನ ಅಂತರವೂ ಕಡಿಮೆ. ಹಸಿಯದ್ದನ್ನೇ ತೆಳ್ಳಗೆ ಕಡೆದಿಟ್ಟರೂ ಹೆಚ್ಚು ಸೊಟ್ಟಗಾಗುವುದಿಲ್ಲ.

ನನಗೆ ಹುಚ್ಚು ಹಿಡಿದಿರುವುದು ತೊಗಟೆ ಅಂಚಿನ ಬೋಗುಣಿಯದು. ದಿಮ್ಮಿಯನ್ನು ತಿರುಳಿನ ಗುಂಟ ಎರಡು ಹೋಳು ಮಾಡಬೇಕು. ತಿರುಳು ಉಳಿದರೆ ಅಲ್ಲಿಂದಲೇ ಸೀಳು ಹೊರಡುತ್ತದೆ, ಅದನ್ನು ತೆಗೆದು ಒಗೆಯಬೇಕು. ಸೀಳಿದ ಚಪ್ಪಟೆ ಬದಿ ತಳ, ತೊಗಟೆಯ ಬದಿ ಬಾಯಿ. ದಿಮ್ಮಿ ದುಂಡಗಿದ್ದದ್ದರಿಂದ ಬಾಯಿಯ ಅಂಚು ಸಮ ಇರುವುದಿಲ್ಲ: ದಿಮ್ಮಿಯ ಉದ್ದದ ಎರಡು ತುದಿಗೆ ಏರು, ಎರಡು ಮಗ್ಗುಲಿಗೆ ಇಳಿಜಾರು. ಏರಿಗೆ ಏರು, ಇಳಿಜಾರಿಗೆ ಇಳಿಜಾರು ಸರಿಯಾಗಿ ಕೂಡುವಂತೆ ಲೇಥ್‌ಗೆ ಕೂಡಿಸುವುದರಲ್ಲೇ ಅರ್ಧ ತಾಸು ಹೋಗುತ್ತದೆ.

ಆಮೇಲೆ ಇದೆ ಮಜಾ. ಅಂಚು ಮೇಲೆ ಕೆಳಗೆ ಇರುವುದರಿಂದ ಉಳಿಯ ಬಾಯಿಗೆ ಒಂದು ಸುತ್ತಿನಲ್ಲಿ ಎರಡು ಸಲ ಕಟ್ಟಿಗೆ, ಎರಡು ಸಲ ಬರೀ ಗಾಳಿ. ತಟ್ ತಟ್ ತಟ್ ಅಂತ ಕೈ ಜುಮ್ಮೆನ್ನುತ್ತದೆ. ಉಳಿಯನ್ನು ಒತ್ತಿದಿರೋ, ಅದು ಗಾಳಿಯಲ್ಲಿ ಒಳಗೆ ಜಾರಿ ಮುಂದಿನ ಏರಿಗೆ ಗುದ್ದುತ್ತದೆ. ಒತ್ತದೆ, ಮಸೆದ ಮುಖವನ್ನು ಸುಮ್ಮನೆ ಆನಿಸಿಕೊಂಡು, ಗಾಳಿಯಲ್ಲೂ ಕಟ್ಟಿಗೆ ಇದೆ ಅಂದುಕೊಂಡೇ ಸಾಗಬೇಕು. ಒಂದಿಂಚು ಒಳಗೆ ಹೋದ ಮೇಲೆ ಪೂರ್ತಿ ಸುತ್ತು ಕಟ್ಟಿಗೆ ಸಿಗುತ್ತದೆ. ತಟ್ ತಟ್ ನಿಂತು ಸುರ್ರ್ ಅನ್ನುವ ಒಂದೇ ಸದ್ದು, ಭುಜದ ಮೇಲೆ ಹಸಿ ಹೊಟ್ಟಿನ ಸುರುಳಿ. ತಿರುಗುವಾಗ ಅಂಚು ಕಣ್ಣಿಗೆ ಕಾಣುವುದೇ ಇಲ್ಲ, ಹೊಗೆಯಂಥ ನೆರಳಷ್ಟೇ. ಆ ನೆರಳಿನೊಳಗೆ ಬೆರಳು ಹೋದರೆ ಮುಗಿಯಿತು.

ವೇಗಕ್ಕೆ ಒಂದು ಲೆಕ್ಕ ಹೇಳಿಕೊಡುತ್ತಾರೆ: ಇಂಚಿನಲ್ಲಿ ಅಗಲವನ್ನು ನಿಮಿಷದ ಸುತ್ತಿನಿಂದ ಗುಣಿಸಿದರೆ 6000ದಿಂದ 9000ದೊಳಗೆ ಇರಬೇಕು. ಹತ್ತಿಂಚಿನ ಬೋಗುಣಿಗೆ 600ರಿಂದ 900 ಸುತ್ತು. ಡೊಂಕು ದಿಮ್ಮಿಗೆ ಅದಕ್ಕಿಂತ ಕಡಿಮೆಯಿಂದ ಶುರು. ನಾನು ಒಮ್ಮೆ ಅವಸರಕ್ಕೆ ಬಿದ್ದು ಜಾಸ್ತಿ ಇಟ್ಟೆ. ಬೋಗುಣಿ ಕಿತ್ತುಕೊಂಡು ಮುಖದ ಪರದೆಗೆ ಬಡಿದು ಕಾರಿನ ಬಾಗಿಲಿಗೆ ಹೋಯಿತು. ಪರದೆ ಇಲ್ಲದಿದ್ದರೆ ಈ ಬರಹ ಇರುತ್ತಿರಲಿಲ್ಲ. ಕಾರಿನ ಬಾಗಿಲಿನ ತಗ್ಗನ್ನು ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾಳೆ.

ಹೋದ ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅಂತ ಊರಿಗೆ ಹೋದಾಗ ಸೂಟ್‌ಕೇಸಿನಲ್ಲಿ ಒಂದು ಉಳಿ ಒಯ್ದಿದ್ದೆ. ಕೊಪ್ಪಳದಲ್ಲಿ ಮಂಚದ ಕಾಲು, ಲಟ್ಟಣಿಗಿ, ತೊಟ್ಟಿಲ ಗೂಟ ಕಡೆಯುವ ಬಡಿಗ್ಯಾರ ಕಾಕಾ ಒಬ್ಬರ ಅಂಗಡಿ ಗೊತ್ತಿತ್ತು. ಒಂದು ಮೋಟಾರು, ಒಂದು ಬೆಲ್ಟು, ಕಟ್ಟಿಗೆಯನ್ನು ನಡುವೆ ಹಿಡಿಯಲು ಎರಡು ಮೊನೆ. ಬೋಗುಣಿಯ ತಳವನ್ನು ಕಚ್ಚಿ ಹಿಡಿಯುವ, ನನ್ನ ಬಳಿ ಇರುವಂಥ ನಾಲ್ಕು ದವಡೆಯ ಚಕ್ ಅವರಲ್ಲಿ ಇಲ್ಲ. ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಕಾಕಾ ಒಂದು ಕಬ್ಬಿಣದ ತಟ್ಟೆಗೆ ಜಾಲಿ ಹೋಳಿನ ತಳವನ್ನು ನಾಲ್ಕು ಸ್ಕ್ರೂ ಜಡಿದು ಕೂಡಿಸಿ, ಬೆಲ್ಟನ್ನು ದೊಡ್ಡ ಗಾಲಿಗೆ ಹಾಕಿ ವೇಗ ಇಳಿಸಿಬಿಟ್ಟರು. ತಳ ನಾಲ್ಕು ಬೆರಳು ಜಾಸ್ತಿ ಇಟ್ಟು ಕೊನೆಗೆ ಗರಗಸದಲ್ಲಿ ಕೊಯ್ದರಾಯಿತು. ನಾನು ಇನ್ನೂರು ಡಾಲರ್ ಸುರಿದು ಕೊಂಡ ಅನುಕೂಲ ಅವರಿಗೆ ನಾಲ್ಕು ಸ್ಕ್ರೂಗಳಲ್ಲಿ ಆಯಿತು.

ಮೊದಲನೇ ಹೋಳು ಕೆಟ್ಟಿತು. ಕಡಿದು ಬಹಳ ದಿನ ಬಿದ್ದ ಜಾಲಿ ಅದು. ತೊಗಟೆಗೂ ಕಟ್ಟಿಗೆಗೂ ನಡುವೆ ಹುಳ ತಿಂದು ಹಿಟ್ಟು ಮಾಡಿತ್ತು. ತಟ್ ತಟ್ ಶುರುವಾದದ್ದೇ ತಡ, ಅರ್ಧ ತೊಗಟೆ ಹಾರಿ ಎದುರಿನ ಚಹಾದಂಗಡಿ ಮುಂದೆ ಬಿತ್ತು. ಎರಡನೆಯದು ಹಿಂದಿನ ದಿನ ಕಡಿದದ್ದು. ತೊಗಟೆಯ ಸಂದಿಗೆ ಫೆವಿಕ್ವಿಕ್ ಹನಿಸಿ ಕೂಡಿಸಿದೆ, ಉಳಿಯಿತು. ಹೊರಗೆ ಕಪ್ಪು ತೊಗಟೆ, ಅದರ ಕೆಳಗೆ ಅರಿಶಿನ ಬಣ್ಣದ ಬಿಳಿಗಟ್ಟಿಗೆ, ಒಳಗೆ ಹುರಿದ ಕಡಲೆ ಸಿಪ್ಪೆಯಂಥ ಕೆಂಪುಗಂದು. ಎಣ್ಣೆ ಸವರಿದಾಗ ಅಂಗಡಿಯ ಹುಡುಗರೆಲ್ಲ ಬಗ್ಗಿ ನೋಡಿದರು.

ಕಾಕಾ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ದಪ್ಪ ತಡವಿ, "ಎಲ್ಲಾ ಕಡೆ ಒಂದ ಸಮ ಐತಿ, ಛಲೋ ಐತಿ" ಅಂದರು. ಒಂದು ಗಳಿಗೆ ಬಿಟ್ಟು, "ತೊಗಟಿ ತೆಗೆಯೂದು ಯಾವಾಗ?"

"ಅದು ಹಂಗ ಇರಬೇಕ್ರಿ ಕಾಕಾ."

"ಗಿರಾಕಿಗೆ ಇಂಥಾದ್ದು ಕೊಟ್ರ, ಕೆಲಸ ಅರ್ಧಕ್ಕ ಬಿಟ್ಟ ಓಡಿದ ಅಂತಾರ ನೋಡು." ನಕ್ಕರು. ಅವರ ಲೆಕ್ಕ ಅವರಿಗೆ ಸರಿ. ನಲವತ್ತು ವರ್ಷ ಮಂಚದ ನಾಲ್ಕು ಕಾಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಕಡೆದ ಕೈ ಅದು. ಆ ಕೈಯ ಮುಂದೆ ನಾನು ಮೂರು ವರ್ಷದ ಭಾನುವಾರದ ಗಿರಾಕಿ.

ಬೋಗುಣಿ ಅವ್ವನ ಪಾಲಾಯಿತು. ಜಾಲಿ ಮುಟ್ಟಿದ್ದರಲ್ಲಿ ಉಣ್ಣುವುದು ಬ್ಯಾಡ ಅಂತ ಬಳ್ಳೊಳ್ಳಿ ಹಾಕಿ ಗೋಡೆಯ ಮಾಡದಲ್ಲಿ ಇಟ್ಟಿದ್ದಾಳೆ.

ನಾನು ತಿರುಗಿ ಬಂದು ತಿಂಗಳಾದ ಮೇಲೆ ಅಪ್ಪನ ಫೋನ್. ಅಪ್ಪ ತಾನಾಗಿ ಫೋನ್ ಮಾಡುವುದು ಮಳೆ ಬಂದರೆ ಇಲ್ಲವೇ ಯಾರಾದರೂ ತೀರಿಕೊಂಡರೆ.

"ಹಳ್ಳದ ದಂಡಿ ಮ್ಯಾಲಿನ ದೊಡ್ಡ ಜಾಲಿ ಬಿತ್ತು. ಇದ್ದಲಿ ಸುಡಾವ್ರು ಬಂದಿದ್ರು, ಬುಡ ಕೊಡಂಗಿಲ್ಲ ಅಂದೆ."

ನಾನು ಏನೂ ಹೇಳಿರಲಿಲ್ಲ. ದಿಮ್ಮಿಯ ಎರಡೂ ತುದಿಗೆ ಇಲ್ಲಿ ಮೇಣ ಬಳಿಯುತ್ತೇವೆ, ತುದಿಯಿಂದ ನೀರು ಬೇಗ ಆರಿದರೆ ಸೀಳುತ್ತದೆ ಅಂತ. ಅದನ್ನು ಹೇಳಬೇಕು ಅನ್ನುವಷ್ಟರಲ್ಲಿ ಅಪ್ಪನೇ ಅಂದ:

"ಎರಡೂ ತುದಿಗೆ ಸಗಣಿ ಬಡದು ನೆರಳಾಗ ಇಟ್ಟೀನಿ. ಮುಂದಿನ ಜಾತ್ರಿಗೆ ಬರ್ತೀಯಲ್ಲ?"