ಹಂದಿ ಮತ್ತೆ ತೊಟ್ಟಿಲು ಗುಂಡಿಗೆ ಬಿತ್ತು

ಇದು ನಾಲ್ಕನೇ ಸಲ. ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಸಿಲ್ವರ್ ಓಕ್ ಕೆಳಗೆ, ಮೂತಿ ಗುಂಡಿಯಲ್ಲಿ, ಹಿಂದಿನ ಚಕ್ರ ಎರಡೂ ಗಾಳಿಯಲ್ಲಿ ಗಿರಗಿರ. ಹಂದಿ ಅಂದ್ರೆ ನನ್ನ ರೋವರ್, ರಾತ್ರಿ ಕಾಫಿ ತೋಟದಲ್ಲಿ ಓಡೋ ಪುಟ್ಟ ರೋಬೋ ಗಾಡಿ; ತೊಟ್ಟಿಲು ಗುಂಡಿ ಅಂದ್ರೆ ಮಳೆನೀರು ಇಂಗಲಿ ಅಂತ ಕಾಫಿ ಸಾಲಿನ ನಡುವೆ ತೋಡಿದ ಉದ್ದನೆ ಗುಂಡಿ. ಹೆಸರಿಡುವಾಗ ಯೋಚಿಸಬೇಕಿತ್ತು, ಸೋಮವಾರಪೇಟೆ ಕಡೆ ‘ಹಂದಿ ಬಿತ್ತು’ ಅಂತ ಕೂಗಿದರೆ ಪಕ್ಕದ ತೋಟದವರು ಕಾಚಂಪುಳಿ (ಹಂದಿ ಸಾರಿಗೆ ಹಾಕೋ ಕೊಡಗಿನ ಹುಳಿ) ಇದೆಯಾ ಅಂತ ಕೇಳ್ತಾರೆ.

ಚಾಸಿ, ಮೋಟಾರು, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಜೊತೆಗಿನ ಜಗಳ ಎಲ್ಲ ಇಂಥದ್ದು ಕಟ್ಟಿದವರಿಗೆ ಗೊತ್ತಿರೋದೇ, ಬಿಡಿ. ಕ್ಯಾಮೆರಾ ಲೆಪ್ಟಾನ್ 3.5, ಬೆಳಕಿನ ಬದಲು ಶಾಖ ನೋಡೋ ಥರ್ಮಲ್ ಕ್ಯಾಮೆರಾ; ಚಿತ್ರ 160×120 ಚುಕ್ಕಿ, ಬೆಚ್ಚಗಿದ್ದಷ್ಟೂ ಬಿಳಿ.

ಮೊದಲು ಕಿಟಕಿ ಕಥೆ. ಮಂಜು ಬಡಿಯದಂತೆ ಲೆನ್ಸ್ ಮುಂದೆ ಶಾಖದ ಕಿರಣ ಒಳಗೆ ಬಿಡೋ ಒಂದು ಜರ್ಮೇನಿಯಂ ಬಿಲ್ಲೆ ಆರ್ಡರ್ ಮಾಡಿದ್ದೆ. ಬೆಂಗಳೂರಿನ ಅಂಗಡಿಯವರು ಮೂರು ವಾರ ಬಿಟ್ಟು ಕಳಿಸಿದ್ದು ‘ಐಆರ್ (ಇನ್‌ಫ್ರಾರೆಡ್) ಗ್ಲಾಸ್’ ಅನ್ನೋ ಕಪ್ಪು ಅಕ್ರಿಲಿಕ್. ಅದು 850 ನ್ಯಾನೊಮೀಟರಿನ ಸಿಸಿಟಿವಿಗೆ ಸರಿ. ನಮ್ಮ ಕ್ಯಾಮೆರಾ ನೋಡೋದು ಅದಕ್ಕಿಂತ ಎಷ್ಟೋ ಉದ್ದದ, 8–14 ಮೈಕ್ರಾನಿನ ಶಾಖದ ಅಲೆ; ಅದಕ್ಕೆ ಈ ಅಕ್ರಿಲಿಕ್ ಒಂದು ಗೋಡೆ. ವಾಪಸ್ ತಗೊಳ್ಳಿ ಅಂದ್ರೆ ‘ಐಆರ್ ಅಂದ್ರೆ ಐಆರ್ ಅಲ್ವಾ ಸಾರ್?’ ಕೊನೆಗೆ ಕಾಫಿ ನರ್ಸರಿಯ ಕಪ್ಪು ಪಾಲಿಥಿನ್ ಚೀಲ ಕತ್ತರಿಸಿ ಎಳೆದು ಕಟ್ಟಿದೆ. ಕಣ್ಣಿಗೆ ಏನೂ ಕಾಣಲ್ಲ, ಕ್ಯಾಮೆರಾಗೆ ಅದರಾಚೆ ಅಮ್ಮನ ಮುಖ ಕಂಡಿತು. ‘ಕಣ್ಣಿಗೆ ಬಟ್ಟೆ ಕಟ್ಟಿ ಓಡಿಸ್ತೀಯಲ್ಲೋ, ಬೀಳದೆ ಇನ್ನೇನಾಗುತ್ತೆ’ ಅಂತ ಅಮ್ಮ.

ಈಗ ಗುಂಡಿ. ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿ ಮ್ಯಾಥೀಸ್ ಮತ್ತು ರ‍್ಯಾಂಕಿನ್ 2003ರಲ್ಲೇ ತೋರಿಸಿದ ಉಪಾಯ ಒಂದಿದೆ: ರಾತ್ರಿ ನೆಲ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತೆ, ಹಳ್ಳದ ಒಳಮೈ ಅಷ್ಟು ಬೇಗ ತಣ್ಣಗಾಗಲ್ಲ. ಬೆಚ್ಚಗೆ ಕಂಡಲ್ಲಿ ಹಳ್ಳ. ಕಣದ ಅಂಚಿನ ಬಯಲಲ್ಲಿ ನೋಡಿದೆ, ಚರಂಡಿ ಬೆಳ್ಳಗೆ ಹೊಳೀತು. ತೋಟದೊಳಗೆ ಹೋದರೆ ಪೂರ್ತಿ ಬೂದಿ ಬಣ್ಣ.

ಮೊದಲು ಬೈದದ್ದು ನಾಯಿಗೆ. ಅದು ಫ್ರೇಮಿನೊಳಗೆ ಬಂದ ಕೂಡಲೇ ಎಜಿಸಿ (ಚಿತ್ರದ ಬಿಳಿ-ಕಪ್ಪನ್ನು ತಾನೇ ಹೊಂದಿಸೋ ಕ್ಯಾಮೆರಾದ ವ್ಯವಸ್ಥೆ) ಇರೋ ಬಣ್ಣವನ್ನೆಲ್ಲ ಅದಕ್ಕೇ ಕೊಟ್ಟು ನೆಲವನ್ನು ಒಂದೇ ಪಟ್ಟಿಗೆ ಹಿಂಡಿಬಿಡ್ತಿತ್ತು. ಎಜಿಸಿ ಆಫ್ ಮಾಡಿ, ಕಚ್ಚಾ ಡೇಟಾ ತಗೊಂಡು, ನೆಲದ ಆಸುಪಾಸಿನ ನಾಲ್ಕೇ ಡಿಗ್ರಿಯನ್ನು ಹಿಗ್ಗಿಸಿದೆ. ನಾಯಿ ಈಗ ಬರೀ ಬಿಳಿ ಮುದ್ದೆ. ಗುಂಡಿ ಮಾತ್ರ ಇನ್ನೂ ಇಲ್ಲ.

ಉತ್ತರ ಸಿಕ್ಕಿದ್ದು ಗುಂಡಿ ಪಕ್ಕ ಕೂತು ಬೀಡಿ ಹಚ್ಚಿದ ಮೇಸ್ತ್ರಿ ಬಾಯಲ್ಲಿ: ‘ಇಲ್ಲಿ ಇಬ್ಬನಿ ಬೀಳಲ್ಲ ಸಾರ್, ಮರ ಐತಲ್ಲ.’ ತಲೆ ಚಚ್ಚಿಕೊಂಡೆ. ಇಬ್ಬನಿ ಯಾಕೆ ಬೀಳಲ್ಲ? ನೆಲಕ್ಕೆ ಆಕಾಶವೇ ಕಾಣಲ್ಲ, ಕಾಣೋದು ಮರದ ಎಲೆ. ಬಯಲಿನ ಉಪಾಯ ನಿಂತಿರೋದೇ ತೆರೆದ ಆಕಾಶದ ಮೇಲೆ. ನೆರಳಿನ ಕಾಫಿ ತೋಟದಲ್ಲಿ ಗುಂಡಿಗೂ ನೆಲಕ್ಕೂ ಉಳಿಯೋ ವ್ಯತ್ಯಾಸ ಕ್ಯಾಮೆರಾದ 0.05 ಡಿಗ್ರಿ ಗದ್ದಲದ (ಅಳತೆ ಸುಮ್ಮನೆ ಅತ್ತಿತ್ತ ಕುಣಿಯೋದು, ನಾಯ್ಸ್) ಹತ್ತಿರಕ್ಕೇ ಬಂದುಬಿಡುತ್ತೆ.

ಗದ್ದಲ ತಗ್ಗಿಸೋದೊಂದೇ ದಾರಿ. ಹಂದಿ ಈಗ ಎರಡು ಮೀಟರಿಗೊಮ್ಮೆ ನಿಲ್ಲುತ್ತೆ, ಕ್ಯಾಮೆರಾ ತನ್ನ ಅಳತೆ ಸರಿಮಾಡಿಕೊಳ್ಳಲು ಮುಚ್ಚಿ ತೆಗೆಯೋ ಶಟರ್ ‘ಟಿಕ್’ ಅಂದ ತಕ್ಷಣ 16 ಫ್ರೇಮ್ ತಗೊಂಡು ಸರಾಸರಿ ಮಾಡುತ್ತೆ. ಗದ್ದಲ ಕಾಲು ಭಾಗಕ್ಕೆ ಇಳೀತು. ಸೆಕೆಂಡಿಗೆ ಒಂಬತ್ತೂ ತುಂಬದ ಫ್ರೇಮ್ ಬರೋದರಿಂದ ಒಂದೊಂದು ನಿಲುಗಡೆಗೆ ಎರಡು ಸೆಕೆಂಡು; ಯಾರಿಗೇನು ಅರ್ಜೆಂಟು?

ಆಗ ಬಂದ ಚಿತ್ರ ನೋಡಿ ನಗು ಬಂತು. ಖಾಲಿ ಗುಂಡಿ ಬೆಚ್ಚಗೆ, ತರಗೆಲೆ ತುಂಬಿದ ಗುಂಡಿ ಸುತ್ತಲಿಗಿಂತ ತಣ್ಣಗೆ! ತರಗೆಲೆ ಕಂಬಳಿ ಥರ, ಕೆಳಗಿನ ಮಣ್ಣಿನ ಕಾವು ಮೇಲೆ ಬರಲು ಬಿಡಲ್ಲ. ನನ್ನ ಕೋಡ್ ಬರೀ ಬೆಚ್ಚಗಿನದನ್ನೇ ಹುಡುಕುತ್ತಿತ್ತು, ಹಂದಿ ನಾಲ್ಕು ಸಲವೂ ಬಿದ್ದದ್ದು ತರಗೆಲೆ ಗುಂಡಿಗೆ. ಕೋಡಿನಲ್ಲಿ ಒಂದು ‘ಆಬ್ಸ್’ ಸೇರಿಸಿದ್ದಷ್ಟೇ, ಅಂದರೆ ವ್ಯತ್ಯಾಸದ ಪ್ಲಸ್-ಮೈನಸ್ ಬಿಟ್ಟು ಅದೆಷ್ಟು ಅಂತ ಮಾತ್ರ ನೋಡೋದು; ಈಗ ಬೆಚ್ಚಗಿದ್ದರೂ ಗುಂಡಿ, ತಣ್ಣಗಿದ್ದರೂ ಗುಂಡಿ.

ಭಾನುವಾರ ಬೆಳಗಿನ ಜಾವ ಮೂರಕ್ಕೆ ಒಂದಿಡೀ ಸಾಲು ಬೀಳದೆ ದಾಟಿತು. ಸಂಜೆ ಏಳರ ಸುಮಾರಿಗೆ ಓಡಿಸಬೇಡಿ. ಬಿಸಿ-ತಣ್ಣನೆ ಅದಲುಬದಲಾಗೋ ಆ ಹೊತ್ತಲ್ಲಿ ಗುಂಡಿ, ನೆಲ, ಬೇರು ಎಲ್ಲ ಒಂದೇ.

ಅಂದಹಾಗೆ, ಕಣದಲ್ಲಿ ಅಷ್ಟು ಚೆನ್ನಾಗಿ ಕಾಣುತ್ತೆ ಅಂದಮೇಲೆ ಹಂದಿಗೊಂದು ಹಲುಬೆ ಕಟ್ಟಿ ಒಣಗೋ ಕಾಫಿ ಕೆದಕಿಸಿದರೆ ಹೇಗೆ? ಹಸಿ ಇರೋ ಕಡೆ ತಣ್ಣಗೆ ಕಾಣಬೇಕು, ಅಲ್ಲೇ ಹೆಚ್ಚು ಕೆದಕಲಿ. ಹಲುಬೆಗೆ ಪೈಪು ತಂದಾಯ್ತು. ಕೊಯ್ಲು ಮುಗಿಯೋದರೊಳಗೆ ಆಗಬೇಕು; ಅಷ್ಟರಲ್ಲಿ ಗೇರ್‌ಬಾಕ್ಸಿನೊಳಗಿನ ಮಣ್ಣು ತೆಗೀಬೇಕು.