ಕ್ರೆಸ್ಸಿಂಗ್ ಟೆಂಪಲ್ ಗೋಧಿ ಬಾರ್ನ್: ಮಾದರಿ ಕೆಲಸ ಎಲ್ಲಿಗೆ ಬಂತು

ಕಂಬಗಳು ನಿಂತವು. ಅಡ್ಡ ತೊಲೆಗಳೂ ಕೂತವು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಕ್ರೆಸ್ಸಿಂಗ್ ಟೆಂಪಲ್ ಗೋಧಿ ಬಾರ್ನ್‌ನ ಮಾದರಿ ಈಗ ಕಟ್ಟಡದ ಆಕಾರಕ್ಕೆ ಬಂದಿದೆ. ಬಾರ್ನ್ ಅಂದರೆ ಕೊಯ್ದ ಬೆಳೆ ತುಂಬಿಡುವ ದೊಡ್ಡ ಕಟ್ಟಡ. ಅಳತೆ ಇಪ್ಪತ್ತಕ್ಕೆ ಒಂದು. ಮೂಲ ಕಟ್ಟಡದ ಉದ್ದ ಸುಮಾರು 40 ಮೀಟರ್, ಪೂರ್ತಿ ಮಾಡಿದರೆ ಮಾದರಿಯೇ ಎರಡು ಮೀಟರ್ ಆಗುತ್ತದೆ. ಮೇಜಿನ ಮೇಲೆ ಅಷ್ಟು ಜಾಗ ಇಲ್ಲ. ಹಾಗಾಗಿ ಎರಡೇ ಅಂಕಣ, ಅಂದರೆ ಕಂಬದಿಂದ ಕಂಬದವರೆಗಿನ ಎರಡು ಭಾಗ ಮಾತ್ರ.

ಈ ಜಮೀನನ್ನು 1137ರಲ್ಲಿ ಸ್ಟೀಫನ್ ರಾಜನ ಹೆಂಡತಿ ಮೆಟಿಲ್ಡಾ ನೈಟ್ಸ್ ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಪಂಗಡಕ್ಕೆ ಕೊಟ್ಟಳು. ಆಮೇಲೆ ಅಲ್ಲಿ ಎರಡು ದೊಡ್ಡ ಬಾರ್ನ್ ಎದ್ದವು. ಮೊದಲು ಬಾರ್ಲಿಯದು, ಕೆಲವು ದಶಕ ಬಿಟ್ಟು ಗೋಧಿಯದು. ಪಕ್ಕದ ತೋಟದ ಮನೆ ಎಷ್ಟೋ ಕಾಲದ ನಂತರದ್ದು. ಗೋಧಿ ಬಾರ್ನ್‌ನ ಮರ ಕಡಿದದ್ದು 1257ರಿಂದ 1280ರ ನಡುವೆ. ಇದು ಮರದ ಬೆಳವಣಿಗೆಯ ಉಂಗುರ ಎಣಿಸಿ ಸಿಕ್ಕ ಲೆಕ್ಕ. ಆಗಿನ ಬಡಗಿಗಳು ಓಕ್ ಮರವನ್ನು ಒಣಗಿಸುತ್ತಾ ಕೂರುತ್ತಿರಲಿಲ್ಲ, ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಹಾಗಾಗಿ ಮರ ಬಿದ್ದ ಕಾಲವೇ ಹೆಚ್ಚುಕಡಿಮೆ ಕಟ್ಟಿದ ಕಾಲ.

ಒಳಗಿನ ರಚನೆ ಸರಳ. ನಡುವೆ ಅಗಲವಾದ ಪಡಸಾಲೆ, ಎರಡು ಬದಿಗೆ ಕಿರಿದಾದ ಸಾಲು, ಮಧ್ಯೆ ಎತ್ತರದ ಕಂಬಗಳು. ಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲು. ಇಂಥ ಬಾರ್ನ್‌ಗಳಲ್ಲಿ ಸಿವುಡುಗಳನ್ನು ಅಂಕಣಗಳಲ್ಲಿ ಒಟ್ಟಿ, ಚಳಿಗಾಲದಲ್ಲಿ ಬಾಗಿಲ ನೇರಕ್ಕಿರುವ ನೆಲದಲ್ಲೇ ಬಡಿಯುತ್ತಿದ್ದರು. ಕಣ ಸೂರಿನ ಕೆಳಗೇ ಇತ್ತು. ಮಳೆಯ ನಾಡಿನಲ್ಲಿ ಬೇರೆ ದಾರಿ ಇಲ್ಲ, ಅಲ್ವಾ?

ಜಾಸ್ತಿ ಸಮಯ ಹಿಡಿದದ್ದು ಓರೆ ಕಟ್ಟುಗಳು. ಇವು ಉದ್ದನೆಯ ನೇರ ಮರಗಳು. ಕಂಬ, ತೊಲೆ ಎಲ್ಲವನ್ನೂ ಓರೆಯಾಗಿ ದಾಟಿಕೊಂಡು ಹೋಗುತ್ತವೆ. ದಾರಿಯಲ್ಲಿ ಸಿಗುವ ಪ್ರತಿ ಮರಕ್ಕೂ ಅರ್ಧರ್ಧ ಕಚ್ಚು ಹಾಕಿ ಕೂರಿಸಬೇಕು. ನಿಜವಾದ ಜಾಣತನ ಇರುವುದು ತುದಿಯಲ್ಲಿ. ಆ ತುದಿ ಕಂಬದ ತೂತಿಗೆ ಇಳಿಯುವುದಿಲ್ಲ, ಕಂಬದ ಮೈಮೇಲೆ ತೋಡಿದ ಹಳ್ಳದಲ್ಲಿ ಮಲಗುತ್ತದೆ. ಓರೆ ಮರದ ಒಂದು ಅಂಚಿನಲ್ಲಿ ಮೂರು ಮೂಲೆಯ ಸಣ್ಣ ಕಚ್ಚು. ಹಳ್ಳದ ಅಂಚಿನಲ್ಲಿ ಅದಕ್ಕೆ ಸರಿಯಾಗಿ ಒಂದು ಹಲ್ಲು. ಗಾಳಿ ಒಂದು ಕಡೆಯಿಂದ ನೂಕಿದಾಗ ಓರೆ ಮರ ಒತ್ತಿಕೊಳ್ಳುತ್ತದೆ. ಆಗ ಎಂಥ ಜೋಡಣೆಯಾದರೂ ನಡೆಯುತ್ತದೆ. ಇನ್ನೊಂದು ಕಡೆಯಿಂದ ನೂಕಿದಾಗ ಅದೇ ಮರ ಕಿತ್ತು ಬರಲು ನೋಡುತ್ತದೆ. ಆಗ ಹಿಡಿಯುವುದು ಈ ಹಲ್ಲು. ಗೂಟದ ಕೆಲಸ ಮರ ಹಳ್ಳದಿಂದ ಮೇಲೇಳದಂತೆ ನೋಡಿಕೊಳ್ಳುವುದಷ್ಟೇ.

ಒಂದೂವರೆ ಸೆಂಟಿಮೀಟರ್ ಚೌಕದ ತೇಗದ ಕಂಬದಲ್ಲಿ ಈ ಹಳ್ಳ ತೋಡಲು ಸಣ್ಣ ಉಳಿ ಬೇಕು, ಅದೂ ಚೆನ್ನಾಗಿ ಮಸೆದದ್ದು. ಮೊದಲು ಚೂಪು ಚಾಕುವಿನಲ್ಲಿ ಗೆರೆ ಕೊಯ್ದು, ಆಮೇಲೆ ಉಳಿ. ಅಂಟು ಹಾಕಿಲ್ಲ. ಬಿದಿರಿನ ಸೀಳಿನಿಂದ ಗೂಟ ಮಾಡಿ ಹೊಡೆದಿದ್ದೇನೆ. ಮುಗಿದ ಮೇಲೆ ಚೌಕಟ್ಟನ್ನು ಎರಡೂ ಕಡೆಗೆ ಎಳೆದು ನೋಡಿದೆ. ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಆ ಹೆಸರಿಲ್ಲದ ಬಡಗಿಗಳ ಲೆಕ್ಕಾಚಾರ ಕೈಗೇ ಗೊತ್ತಾಯಿತು.

ಇಂಥ ಜೋಡಣೆಗಳನ್ನು ನೋಡಿಯೇ ಕಟ್ಟಡದ ಕಾಲ ಹೇಳಬಹುದು ಎಂದು ಸಾಧಿಸಿದವರು ಹಳೆಯ ಮರದ ಕಟ್ಟಡಗಳ ಅಧ್ಯಯನ ಮಾಡಿದ ಸಿಸಿಲ್ ಹೆವೆಟ್. ಈ ಬಾರ್ನ್‌ಗಳು ಹದಿಮೂರನೇ ಶತಮಾನದವು ಎಂದು ತೋರಿಸಿಕೊಟ್ಟವರೂ ಅವರೇ. ಎಸೆಕ್ಸ್ ಕೌಂಟಿ ಕೌನ್ಸಿಲ್ 1987ರಲ್ಲಿ ಜಾಗವನ್ನು ಕೊಂಡುಕೊಂಡಿತು. ಈಗ ಯಾರು ಬೇಕಾದರೂ ಒಳಗೆ ಹೋಗಿ ತಲೆಯೆತ್ತಿ ನೋಡಬಹುದು.

ಗೋಡೆ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಮರದ ಚೌಕಟ್ಟಿನ ನಡುವೆ ಈಗ ಕಾಣುವ ಇಟ್ಟಿಗೆ ನಂತರದ ಶತಮಾನಗಳಲ್ಲಿ ತುಂಬಿದ್ದು, ಅದನ್ನು ಸೇರಿಸಿದರೆ ಜೋಡಣೆಗಳೇ ಮುಚ್ಚಿಹೋಗುತ್ತವೆ. ಮುಂದಿನ ಕೆಲಸ ಪಕಾಸಿಗಳು. ಒಂದು ಅಂಕಣಕ್ಕೆ ಮಾತ್ರ ರೀಪು ಹೊಡೆದು ಮಣ್ಣಿನ ಹೆಂಚು ಹೊದಿಸುತ್ತೇನೆ. ಇನ್ನೊಂದನ್ನು ಹಾಗೇ ತೆರೆದಿಡುತ್ತೇನೆ.